ಸೀಟಿನ ಕೆಳಗಿನ ಸ್ವಿಚ್ಚು

ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರಕ್ಕೆ ರೈಡಿಂಗ್ ಮೋವರ್ ಎಂದು ಹೆಸರು. ನೋಡಲು ಪುಟ್ಟ ಟ್ರಾಕ್ಟರಿನ ಹಾಗೆ: ನಾಲ್ಕು ಚಕ್ರ, ಒಂದು ಸೀಟು, ಮುಂದೆಯೋ ಹಿಂದೆಯೋ ಒಂದು ಎಂಜಿನ್, ಹೊಟ್ಟೆಯ ಕೆಳಗೆ ಬೋರಲು ಹಾಕಿದ ಬಾಣಲೆಯಂಥ ಉಕ್ಕಿನ ಹೊದಿಕೆ. ಈ ಹೊದಿಕೆಯೇ ಡೆಕ್. ಅದರೊಳಗೆ ಒಂದರಿಂದ ಮೂರು ಅಲಗುಗಳು ನೆಲಕ್ಕೆ ಸಮವಾಗಿ ಗಿರಗಿರನೆ ಸುತ್ತುತ್ತವೆ. ಅಮೆರಿಕದ ಉಪನಗರಗಳಲ್ಲಿ ಬೇಸಿಗೆ ಬಂತೆಂದರೆ ಶನಿವಾರದ ಬೆಳಿಗ್ಗೆ ಬೀದಿ ಬೀದಿಯಲ್ಲೂ ಇದರ ಸದ್ದು. ಅಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೂ ಇದು ಪರಿಚಿತ ಸದ್ದೇ. ಬೆಂಗಳೂರಿನ ಗಾಲ್ಫ್ ಮತ್ತು ಕ್ರಿಕೆಟ್ ಮೈದಾನಗಳಲ್ಲಿ ಇದೇ ವಂಶದ ದೊಡ್ಡ ಯಂತ್ರಗಳು ಕೆಲಸ ಮಾಡುತ್ತವೆ. ಯಂತ್ರದ ಜೊತೆಗೆ ಬರುವ ಕೈಪಿಡಿಯ ಮೊದಲ ಹಲವು ಪುಟಗಳಲ್ಲಿ ಬರೀ ಎಚ್ಚರಿಕೆಗಳಿರುತ್ತವೆ. ಕೊಂಡವರು ಸಾಮಾನ್ಯವಾಗಿ ಓದದೆ ಮಗುಚುವ ಪುಟಗಳು ಅವು. ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸಬೇಡಿ, ಹಿಂದಕ್ಕೆ ಚಲಿಸುವಾಗ ಹುಲ್ಲು ಕತ್ತರಿಸಬೇಡಿ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಈ ಸಾಲುಗಳು ಒಂದೇ ದಿನ ಒಬ್ಬರೇ ಕೂತು ಬರೆದವಲ್ಲ. ಯಂತ್ರ ಬೆಳೆದ ಹಾಗೆ, ಕೈಕಾಲು ಕಳೆದುಕೊಂಡವರ ಲೆಕ್ಕ ಬೆಳೆದ ಹಾಗೆ, ಒಂದೊಂದಾಗಿ ಸೇರಿಕೊಂಡವು. ಆದ್ದರಿಂದ ಈ ಯಂತ್ರದ ಚರಿತ್ರೆಯನ್ನೂ ಅದನ್ನು ಜೋಪಾನವಾಗಿ ನಡೆಸುವ ಕ್ರಮದ ಚರಿತ್ರೆಯನ್ನೂ ಬೇರೆ ಬೇರೆ ಹೇಳಲು ಬರುವುದಿಲ್ಲ.

ಯಂತ್ರ ಬರುವ ಮುಂಚೆ ಹುಲ್ಲುಹಾಸು ಸಿರಿವಂತರ ಸೊತ್ತಾಗಿತ್ತು. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಜಮೀನುದಾರರ ಬಂಗಲೆಗಳ ಮುಂದೆ ಎಕರೆಗಟ್ಟಲೆ ಹಸಿರು ಹರಡುವ ಶೈಲಿಯನ್ನು ಕೇಪಬಿಲಿಟಿ ಬ್ರೌನ್ ಎಂದೇ ಹೆಸರಾದ ತೋಟಗಾರ ಲ್ಯಾನ್ಸೆಲಾಟ್ ಬ್ರೌನ್ ಜನಪ್ರಿಯಗೊಳಿಸಿದ. ದೂರದ ಹಸಿರನ್ನು ಕುರಿಗಳು ಮೇದು ತಗ್ಗಿಸುತ್ತಿದ್ದವು. ಮನೆಯ ಹತ್ತಿರದ ಹಸಿರಿಗೆ ಆಳುಗಳು ಬೇಕಿತ್ತು. ಅವರ ಕೈಯಲ್ಲಿ ಆಳೆತ್ತರದ ಹಿಡಿ, ಅದರ ತುದಿಗೆ ಬಾಗಿದ ಉದ್ದ ಅಲಗು ಇದ್ದ ದೊಡ್ಡ ಕುಡುಗೋಲು. ಒಣಗಿದ ಹುಲ್ಲು ಅಲಗಿಗೆ ಸಿಗದೆ ಬಾಗಿಬಿಡುತ್ತದೆ; ಇಬ್ಬನಿಯ ತೇವವಿದ್ದರೆ ನೆಟ್ಟಗೆ ನಿಂತು ಕಚ್ಚನೆ ತುಂಡಾಗುತ್ತದೆ. ಹಾಗಾಗಿ ಕೆಲಸ ಬೆಳಗಿನ ಜಾವಕ್ಕೇ ಶುರುವಾಗಬೇಕು. ನುರಿತ ಕೈಗಳು ಸಾಲಾಗಿ ನಿಂತು, ಒಂದೇ ಲಯದಲ್ಲಿ ಬೀಸುತ್ತ, ಆಗಾಗ ನಿಂತು ಕಲ್ಲಿಗೆ ಅಲಗು ಮಸೆಯುತ್ತ ಮುಂದುವರಿಯಬೇಕು. ಎಷ್ಟೇ ನುರಿತರೂ ಬೀಸಿದ ಕಮಾನಿನ ಗುರುತು ಹುಲ್ಲಿನ ಮೇಲೆ ಉಳಿಯುತ್ತಿತ್ತು.

ಗ್ಲಾಸ್ಟರ್‌ಷೈರಿನ ಸ್ಟ್ರೌಡ್ ಪಟ್ಟಣದ ಸುತ್ತಲ ಕಣಿವೆಗಳಲ್ಲಿ ಆಗ ಉಣ್ಣೆ ಬಟ್ಟೆಯ ಗಿರಣಿಗಳು ತುಂಬಿದ್ದವು. ಸೈನಿಕರ ಸಮವಸ್ತ್ರದ ಕೆಂಪು ಬಟ್ಟೆಗೆ ಊರು ಹೆಸರುವಾಸಿ. ನೇಯ್ದ ಉಣ್ಣೆಯ ಮೇಲೆ ನವಿರಾದ ಎಳೆಗಳು ಎದ್ದು ನಿಲ್ಲುತ್ತವೆ. ಅವನ್ನು ಒಂದೇ ಮಟ್ಟಕ್ಕೆ ಸವರಿದರೆ ಬಟ್ಟೆಗೆ ನುಣುಪು ಬರುತ್ತದೆ. ಉರುಳೆಯ ಸುತ್ತ ಸುರುಳಿಯಾಗಿ ಅಲಗುಗಳನ್ನು ಕೂರಿಸಿ, ಅದನ್ನು ಬಟ್ಟೆಯ ಮೇಲೆ ತಿರುಗಿಸುವ ಯಂತ್ರ ಈ ಕೆಲಸವನ್ನು ಮಾಡುತ್ತಿತ್ತು. ಗಿರಣಿಗಳ ಯಂತ್ರಗಳೊಡನೆ ಒಡನಾಡಿದ ಎಡ್ವಿನ್ ಬಿಯರ್ಡ್ ಬಡಿಂಗ್ ಎಂಬ ಎಂಜಿನಿಯರ್ ಇದನ್ನೇ ಹುಲ್ಲಿಗೆ ಹೊಂದಿಸಿದ. ಬಟ್ಟೆಯ ಎಳೆಯನ್ನು ಸವರುವುದಕ್ಕೂ ನೆಲದ ಹಸಿರನ್ನು ಸವರುವುದಕ್ಕೂ ಇರುವ ಸಾಮ್ಯ ಈಗ ಕೇಳಿದರೆ ಸಹಜ ಅನ್ನಿಸುತ್ತದೆ. ಆದರೆ ಗಿರಣಿಯೂ ತೋಟವೂ ಒಂದೇ ಕಣಿವೆಯಲ್ಲಿದ್ದು, ಎರಡನ್ನೂ ಒಂದೇ ಕಣ್ಣು ನೋಡಿದ್ದರಿಂದ ಅದು ಹೊಳೆಯಿತು. 1830ರ ಆಗಸ್ಟ್ 31ರಂದು ಬಡಿಂಗ್‌ಗೆ ಪೇಟೆಂಟ್ ಸಿಕ್ಕಿತು. ಜಾನ್ ಫೆರಬಿ ಎಂಬ ಪಾಲುದಾರ ಹಣ ಹಾಕಿದ. ಥ್ರಪ್ ಎಂಬಲ್ಲಿದ್ದ ಅವನ ಎರಕದ ಕಾರ್ಖಾನೆಯಲ್ಲಿ ಯಂತ್ರಗಳು ತಯಾರಾದವು.

ಆ ಮೊದಲ ಯಂತ್ರ 19 ಅಂಗುಲ ಅಗಲ ಕತ್ತರಿಸುತ್ತಿತ್ತು. ಹಿಂದೆ ಭಾರವಾದ ಒಂದು ದೊಡ್ಡ ಉರುಳೆ. ಆಳು ಹಿಂದಿನಿಂದ ತಳ್ಳಿದಾಗ ಅದು ನೆಲದ ಮೇಲೆ ಉರುಳುತ್ತದೆ. ಎರಕದ ಹಲ್ಲುಚಕ್ರಗಳು ಆ ಉರುಳಿನ ಬಲವನ್ನು ಮುಂದಿನ ಅಲಗಿನ ಉರುಳೆಗೆ ದಾಟಿಸುತ್ತವೆ. ದೊಡ್ಡ ಉರುಳೆ ಒಂದು ಸುತ್ತು ಬಂದರೆ ಅಲಗಿನದು 16 ಸುತ್ತು. ಎರಡರ ನಡುವಿನ ಇನ್ನೊಂದು ಸಣ್ಣ ಉರುಳೆಯನ್ನು ಮೇಲೆ ಕೆಳಗೆ ಮಾಡಿದರೆ ಹುಲ್ಲಿನ ಎತ್ತರ ಬದಲಾಗುತ್ತದೆ. ಕತ್ತರಿಸಿದ ಹುಲ್ಲು ಮುಂದಿನ ತಟ್ಟೆಗೆ ಹಾರಿ ಬೀಳುತ್ತದೆ. ಯಂತ್ರ ತೂಕದ್ದಾದ್ದರಿಂದ ಒಬ್ಬ ತಳ್ಳಿದರೆ ಸಾಲದೆ, ಮುಂದೆ ಇನ್ನೊಂದು ಹಿಡಿ ಜೋಡಿಸಿ ಮತ್ತೊಬ್ಬನಿಂದ ಎಳೆಸಬೇಕಾಯಿತು. ಮೊದಮೊದಲ ಯಂತ್ರಗಳಲ್ಲಿ ಒಂದು ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿ ಸಂಗ್ರಹಾಲಯಕ್ಕೆ ಹೋಯಿತು, ಕೆಲವು ಆಕ್ಸ್‌ಫರ್ಡಿನ ಕಾಲೇಜುಗಳಿಗೆ. ಬಡಿಂಗ್ 1846ರಲ್ಲಿ ತೀರಿಕೊಂಡ. ಬಾಯಿಯನ್ನು ಹಿರಿದು ಕಿರಿದು ಮಾಡಬಹುದಾದ ಸ್ಕ್ರೂ ಸ್ಪ್ಯಾನರಿಗೂ ಅವನ ಹೆಸರು ಅಂಟಿಕೊಂಡಿದೆ. ಮೋವರಿನ ಬೋಲ್ಟು ಬಿಚ್ಚಲು ಇಂದಿಗೂ ಅಂಥದೊಂದು ಸ್ಪ್ಯಾನರ್ ಕೈಗೆ ಬರುತ್ತದೆ.

1832ರಲ್ಲಿ ಇಪ್ಸ್‌ವಿಚ್ಚಿನ ರಾನ್ಸಮ್ಸ್ ಕಂಪನಿ ತಯಾರಿಕೆಯ ಪರವಾನಗಿ ಪಡೆಯಿತು. 1840ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಆರ್ಬ್ರೋತ್ ಊರಿನ ಅಲೆಕ್ಸಾಂಡರ್ ಶ್ಯಾಂಕ್ಸ್, ಗಿಡ್ಡ ತಳಿಯ ಕುದುರೆ ಎಳೆಯುವಷ್ಟು ಅಗಲದ ಮೋವರ್ ಮಾಡಿದ. ಕುದುರೆಯ ಗೊರಸು ಮೆತ್ತನೆಯ ಹುಲ್ಲಿನಲ್ಲಿ ಹೂತು ಗುಳಿ ಬೀಳಿಸಬಾರದೆಂದು ಅದರ ಕಾಲಿಗೆ ಚರ್ಮದ ಬೂಟು ತೊಡಿಸುತ್ತಿದ್ದರು. ನಾಲ್ಕು ಕಾಲಿಗೂ ಬೂಟು ಕಟ್ಟಿಕೊಂಡು ಬಂಗಲೆಯ ಮುಂದೆ ನಡೆಯುವ ಕುದುರೆ ವಿಕ್ಟೋರಿಯಾ ಕಾಲದ ತೋಟಗಳಲ್ಲಿ ದಿನನಿತ್ಯದ ನೋಟ. ಭಾರತದ ಮೈದಾನಗಳಲ್ಲಿ ಇದೇ ನೊಗಕ್ಕೆ ಎತ್ತುಗಳು ಬಂದವು. ಯಂತ್ರ ಅಗಲವಾದಷ್ಟೂ ನಡೆಸುವವನಿಗೆ ಹಿಂದೆ ನಡೆದು ಬರುವುದು ಪ್ರಯಾಸವಾಯಿತು. ದೊಡ್ಡ ಕುದುರೆ ಮೋವರುಗಳ ಮೇಲೆ ಒಂದು ಕಬ್ಬಿಣದ ಸೀಟು ಬಂತು. ಕೂತು ಹುಲ್ಲು ಕತ್ತರಿಸುವುದು ಹೀಗೆ ಎಂಜಿನ್ನಿಗಿಂತ ಮುಂಚೆಯೇ ಆರಂಭವಾಯಿತು.

ಆಟಗಳ ಚರಿತ್ರೆಯೂ ಇಲ್ಲೇ ಬಂದು ಸೇರುತ್ತದೆ. ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಅಂಗಳದ ಹುಲ್ಲನ್ನು ಹಿಂದೆ ಕುರಿಗಳೇ ಮೇಯುತ್ತಿದ್ದವು. ಚೆಂಡು ಸಮನಾಗಿ ಪುಟಿಯುವ, ಸಮನಾಗಿ ಉರುಳುವ ನೆಲ ಸಿಕ್ಕಮೇಲೆ ಕ್ರೋಕೆ, ಹುಲ್ಲಂಗಳದ ಟೆನಿಸ್, ಗಾಲ್ಫ್ ಹಸಿರುಗಳು ಈಗಿನ ರೂಪಕ್ಕೆ ಬಂದವು. ವಿಂಬಲ್ಡನ್ ಟೂರ್ನಿ 1877ರಲ್ಲಿ ಆರಂಭವಾದದ್ದೇ ಕ್ಲಬ್ಬಿನ ಕುದುರೆ ಎಳೆಯುವ ರೋಲರಿನ ರಿಪೇರಿಗೆ ದುಡ್ಡು ಕೂಡಿಸಲು. ಹುಲ್ಲಿನ ಆಟಗಳ ಮೆರುಗನ್ನು ಹೊಗಳುವವರು ಆಟಗಾರರ ಹೆಸರನ್ನು ಹೇಳುತ್ತಾರೆಯೇ ಹೊರತು ಆ ನೆಲವನ್ನು ಸಾಧ್ಯ ಮಾಡಿದ ಸ್ಟ್ರೌಡಿನ ಎಂಜಿನಿಯರನ್ನು ನೆನೆಯುವುದಿಲ್ಲ. ನೆನೆಯಬೇಕಾದ ಹೆಸರು ಅದು.

ಹಬೆಯ ಕಾಲದಲ್ಲಿ ಹಬೆಯ ಮೋವರೂ ಬಂತು. ಲ್ಯಾಂಕಷೈರಿನ ಜೇಮ್ಸ್ ಸಮ್ನರ್ 1893ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಬಾಯ್ಲರ್ ಕಾದು ಕೆಲಸಕ್ಕೆ ಹದವಾಗಲು ತಾಸುಗಟ್ಟಲೆ ಕಾಯಬೇಕು, ಯಂತ್ರದ ತೂಕಕ್ಕೆ ಹುಲ್ಲೇ ಅಪ್ಪಚ್ಚಿಯಾಗಬೇಕು. ಅದು ಹೆಚ್ಚು ಕಾಲ ಬಾಳಲಿಲ್ಲ. 1902ರಲ್ಲಿ ರಾನ್ಸಮ್ಸ್ ಕಂಪನಿ ಪೆಟ್ರೋಲ್ ಎಂಜಿನ್ನಿನ ಮೋವರನ್ನು ಮಾರುಕಟ್ಟೆಗೆ ತಂದಿತು. ಅದರ ಅಗಲ 42 ಅಂಗುಲ, ಬಲ 6 ಅಶ್ವಶಕ್ತಿ, ಓಡಿಸುವವನಿಗೆ ಹಿಂದೆ ಸೀಟು. ಎಂಜಿನ್ನೂ ಸೀಟೂ ಒಂದೇ ಯಂತ್ರದಲ್ಲಿ ಕೂಡಿದ ಈ ಗಳಿಗೆಯನ್ನು ರೈಡಿಂಗ್ ಮೋವರಿನ ಹುಟ್ಟು ಎನ್ನಬಹುದು.

ಆದರೆ ಅದು ಮನೆಯ ಯಂತ್ರವಾಗಲು ಅಮೆರಿಕಕ್ಕೆ ಹೋಗಬೇಕಾಯಿತು. ಮಿನಿಯಾಪೊಲಿಸ್‌ನಲ್ಲಿ 1914ರಲ್ಲಿ ಹುಟ್ಟಿದ ಟೋರೊ ಕಂಪನಿ, 1919ರಲ್ಲಿ ಅಲ್ಲಿನ ಮಿನಿಕಾಡಾ ಗಾಲ್ಫ್ ಕ್ಲಬ್ಬಿಗಾಗಿ ಹೊಲದ ಟ್ರಾಕ್ಟರಿಗೆ ಐದು ಮೋವರುಗಳನ್ನು ಜೋಡಿಸಿ ಕೊಟ್ಟಿತು. ಮೋಟಾರು ವಾಹನದ ಹಿರಿಯ ರ್‍ಯಾನ್ಸಮ್ ಓಲ್ಡ್ಸ್ ಲ್ಯಾನ್ಸಿಂಗ್‌ನಲ್ಲಿ ಐಡಿಯಲ್ ಹೆಸರಿನ ಪವರ್ ಮೋವರುಗಳನ್ನು ಮಾರಿದ. ಇವೆಲ್ಲ ಗಾಲ್ಫ್ ಅಂಗಳ, ಉದ್ಯಾನ, ಸ್ಮಶಾನಗಳ ಯಂತ್ರಗಳು. ಓಡಿಸುವವನು ಸಂಬಳದ ಆಳು, ಕೆಲಸ ಬಲ್ಲವನು. ಎರಡನೇ ಮಹಾಯುದ್ಧದ ನಂತರ ಚಿತ್ರ ಬದಲಾಯಿತು. ಯುದ್ಧದಿಂದ ಮರಳಿದವರಿಗೆ ನಗರದಾಚೆ ಸಾಲುಸಾಲು ಮನೆಗಳೆದ್ದವು. 1947ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಶುರುವಾದ ಲೆವಿಟೌನ್ ಅದರ ಮಾದರಿ. ಅಲ್ಲಿ ಮನೆ ಕೊಂಡವರು ಹುಲ್ಲು ಬೆಳೆಯುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಅದನ್ನು ಕತ್ತರಿಸಲೇಬೇಕೆಂದು ಕರಾರಿನಲ್ಲೇ ಬರೆದಿತ್ತು. ಹುಲ್ಲುಹಾಸು ಅಲಂಕಾರವಾಗಿ ಉಳಿಯದೆ ನೆರೆಹೊರೆಯ ಮರ್ಯಾದೆಯ ಪ್ರಶ್ನೆಯಾಯಿತು. ಕೋಟಿಗಟ್ಟಲೆ ಜನ, ಯಂತ್ರದ ಪಳಗಿಕೆ ಇಲ್ಲದವರು, ವಾರಕ್ಕೊಮ್ಮೆ ಮೋವರ್ ಹಿಡಿಯಲು ಇಳಿದರು.

ಇದೇ ಹೊತ್ತಿಗೆ ಅಲಗಿನ ಸ್ವರೂಪವೂ ಬದಲಾಗುತ್ತಿತ್ತು. ಈ ಬದಲಾವಣೆಯಿಂದ ಮುಂದಿನ ಅಪಾಯಗಳೆಲ್ಲ ಹುಟ್ಟಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಬಡಿಂಗ್‌ನ ಉರುಳೆ ಕತ್ತರಿಯಂತೆ ಕೆಲಸ ಮಾಡುತ್ತದೆ: ಸುತ್ತುವ ಅಲಗು, ಕೆಳಗೆ ಅಲುಗದ ಪಟ್ಟಿ, ಎರಡರ ನಡುವೆ ಹುಲ್ಲು ಸಿಕ್ಕಿ ತುಂಡಾಗುತ್ತದೆ. ಕತ್ತರಿಗೆ ವೇಗ ಬೇಕಿಲ್ಲ. ಅದರ ಬದಲು ಎರಡು ಅಂಚೂ ಕಾಗದದಷ್ಟು ಸಂದಿನಲ್ಲಿ ಹೊಂದಿಕೊಂಡಿರಬೇಕು, ನೆಲ ಸಮವಾಗಿರಬೇಕು, ಹುಲ್ಲು ಗಿಡ್ಡವಾಗಿರಬೇಕು. ಉದ್ದ ಬೆಳೆದ ಹುಲ್ಲಿನ ಮುಂದೆ ಅದು ಸೋಲುತ್ತದೆ. 1933ರಲ್ಲಿ ಇಂಗ್ಲೆಂಡಿನಲ್ಲಿ ರೋಟೋಸೈತ್ ಎಂಬ ಮೋವರ್ ಬಂತು. ಸುತ್ತುವ ಕುಡುಗೋಲು ಎಂದೇ ಅದರ ಹೆಸರಿನ ಅರ್ಥ. ನೆಲಕ್ಕೆ ಸಮವಾಗಿ ಸುತ್ತುವ ಅಲಗು, ಕೆಳಗೆ ತಡೆ ಇಲ್ಲ, ಬರೀ ವೇಗದ ಏಟಿಗೆ ಹುಲ್ಲು ತುಂಡಾಗಬೇಕು. ನೂರು ವರ್ಷದ ಹಿಂದೆ ಬಡಿಂಗ್ ಬಿಟ್ಟು ಬಂದ ಕುಡುಗೋಲಿನ ತತ್ವ ಎಂಜಿನ್ನಿನ ಬಲದೊಡನೆ ಮರಳಿ ಬಂತು. 1952ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ತನ್ನ ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ವಿಕ್ಟಾ ಮೋವರಿನ ಪೆಟ್ರೋಲ್ ಟ್ಯಾಂಕು ಪೀಚ್ ಹಣ್ಣಿನ ಖಾಲಿ ಡಬ್ಬಿ. ಅಷ್ಟು ಸರಳ, ಅಷ್ಟು ಅಗ್ಗ. ಅಮೆರಿಕದ ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಕಂಪನಿ 1953ರಲ್ಲಿ ಹಗುರವಾದ ಅಲ್ಯೂಮಿನಿಯಂ ಎಂಜಿನ್ ತಂದಮೇಲೆ ಸುತ್ತುವ ಅಲಗು ಮನೆಮನೆಗೆ ನುಗ್ಗಿತು.

ಅಗ್ಗಕ್ಕೆ ತೆತ್ತ ಬೆಲೆ ಅಲಗಿನ ತುದಿಯಲ್ಲಿದೆ. ಅಮೆರಿಕದ ಮಾನದಂಡ ಅಲಗಿನ ತುದಿಗೆ ಕಟ್ಟಿರುವ ಮಿತಿ ನಿಮಿಷಕ್ಕೆ 19,000 ಅಡಿ, ಅಂದರೆ ಗಂಟೆಗೆ ಸುಮಾರು 345 ಕಿಲೋಮೀಟರ್. ಆ ವೇಗದ ಉಕ್ಕಿಗೆ ಹುಲ್ಲು ಯಾವುದು, ಬೆರಳು ಯಾವುದು ಗೊತ್ತಾಗುವುದಿಲ್ಲ. ಹುಲ್ಲಿನಲ್ಲಿ ಅಡಗಿದ ಗೋಲಿಯಷ್ಟು ಕಲ್ಲು, ತಂತಿಯ ತುಂಡು, ಮಕ್ಕಳು ಬಿಟ್ಟುಹೋದ ಆಟಿಕೆ ಅಲಗಿಗೆ ಸಿಕ್ಕರೆ ಗುಂಡಿನಂತೆ ಹಾರುತ್ತದೆ. ಕತ್ತರಿಸಿದ ಹುಲ್ಲು ಹೊರಬೀಳುವ ಪಕ್ಕದ ಬಾಯಿಗೆ ಬಿಜಾಗರಿ ಹಾಕಿ ಕೂರಿಸಿದ ಪ್ಲಾಸ್ಟಿಕ್ ರೆಕ್ಕೆ ಇರುವುದು ಆ ಕಲ್ಲನ್ನು ನೆಲದ ಕಡೆಗೆ ತಿರುಗಿಸಲಿಕ್ಕೆ. ಗೇಟು ದಾಟುವಾಗ ತಡೆಯುತ್ತದೆ, ಹುಲ್ಲು ಕಟ್ಟಿಕೊಳ್ಳುತ್ತದೆ ಎಂದು ಅದನ್ನು ಕಿತ್ತಿಡುವವರುಂಟು. ಕಿತ್ತ ಯಂತ್ರದ ಆ ಬದಿಗೆ ಯಾರೂ ನಿಲ್ಲುವಂತಿಲ್ಲ. ಕೆಲಸ ಶುರುಮಾಡುವ ಮುಂಚೆ ಇಡೀ ಅಂಗಳವನ್ನು ಒಮ್ಮೆ ನಡೆದು ನೋಡಿ ಕಲ್ಲು ಕಡ್ಡಿ ಆರಿಸಬೇಕೆಂಬ ನಿಯಮ ಉರುಳೆಯ ಕಾಲದಲ್ಲಿ ಅಲಗು ಹಾಳಾಗದಿರಲೆಂದು ಇತ್ತು. ಸುತ್ತುವ ಅಲಗಿನ ಕಾಲದಲ್ಲಿ ಅದು ಕಣ್ಣು ಕಾಪಾಡಿಕೊಳ್ಳುವ ನಿಯಮವಾಯಿತು.

ಮನೆಗಳ ರೈಡಿಂಗ್ ಮೋವರುಗಳು ಈ ಅಲಗನ್ನೇ ಹೊಟ್ಟೆಗೆ ಕಟ್ಟಿಕೊಂಡು ಬಂದವು. ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಪಾಂಡ್ ಕುಟುಂಬ 1946ರಲ್ಲಿ ಶುರುಮಾಡಿದ ಉದ್ಯಮ ವ್ಹೀಲ್ ಹಾರ್ಸ್ ಎಂಬ ಪುಟ್ಟ ತೋಟದ ಟ್ರಾಕ್ಟರುಗಳಿಗೆ ಹೆಸರಾಯಿತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1961ರಲ್ಲಿ ಕಬ್ ಕೆಡೆಟ್ ತಂದಿತು, ಜಾನ್ ಡಿಯರ್ 1963ರಲ್ಲಿ 110 ಎಂಬ ಮಾದರಿ ತಂದಿತು. ಎರಡಕ್ಕೂ 7 ಅಶ್ವಶಕ್ತಿಯ ಎಂಜಿನ್. ಹೊಲದ ಟ್ರಾಕ್ಟರ್ ಮಾಡುತ್ತಿದ್ದ ಕಂಪನಿಗಳು ಅಂಗಳಕ್ಕೆ ಇಳಿದದ್ದರಿಂದ ಯಂತ್ರದ ರೂಪವೂ ಟ್ರಾಕ್ಟರಿನದೇ ಆಯಿತು. ಅದೇ ದಶಕದಲ್ಲಿ ಕಾನ್ಸಸ್ ರಾಜ್ಯದ ಜಾನ್ ರೀಗಿಯರ್ ಸ್ಟಿಯರಿಂಗ್ ಚಕ್ರವನ್ನೇ ತೆಗೆದು ಎರಡು ಸನ್ನೆಗೋಲು ಇಟ್ಟ. ಎಡದ್ದು ಎಡಚಕ್ರಕ್ಕೆ, ಬಲದ್ದು ಬಲಚಕ್ರಕ್ಕೆ. ಒಂದನ್ನು ಮುಂದೂ ಒಂದನ್ನು ಹಿಂದೂ ಮಾಡಿದರೆ ಯಂತ್ರ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಜೀರೊ ಟರ್ನ್ ಎಂದು ಕರೆಯುವ ಈ ಬಗೆ ಈಗ ಗುತ್ತಿಗೆಯ ಮೇಲೆ ಹುಲ್ಲು ಕತ್ತರಿಸುವವರ ಮೆಚ್ಚಿನದು.

ಯಂತ್ರದ ಮೇಲೆ ಕೂತವನಿಗೆ ಅಲಗು ಕಾಣುವುದಿಲ್ಲ, ಎಂಜಿನ್ನಿನ ಸದ್ದಿಗೆ ಬೇರೇನೂ ಕೇಳುವುದಿಲ್ಲ. ಕೈಯಲ್ಲಿ ತಳ್ಳುವ ಯಂತ್ರಕ್ಕಿಂತ ಇದು ಕ್ಷೇಮ ಅನ್ನಿಸುವುದೇ ಮೋಸ. ಅಪಘಾತಗಳು ಸುತ್ತಿ ಸುತ್ತಿ ಕೆಲವೇ ಬಗೆಯವು. ಇಳಿಜಾರಿನಲ್ಲಿ ಯಂತ್ರ ಮಗುಚಿ ಓಡಿಸುವವನ ಮೇಲೆ ಬೀಳುವುದು. ಕಟ್ಟಿದ ಹುಲ್ಲು ಬಿಡಿಸಲು ಇಳಿದು, ಸುತ್ತುತ್ತಿರುವ ಅಲಗಿನ ಹತ್ತಿರ ಕೈ ಹಾಕುವುದು. ಹಿಂದಕ್ಕೆ ಬರುವಾಗ ಮಗು ಅಡಿಗೆ ಸಿಕ್ಕುವುದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಒಮ್ಮೆ ಕೊಟ್ಟ ಅಂದಾಜಿನ ಪ್ರಕಾರ ರೈಡಿಂಗ್ ಮೋವರುಗಳಿಂದ ವರ್ಷಕ್ಕೆ ಸುಮಾರು 75 ಮಂದಿ ಸಾಯುತ್ತಾರೆ, ಸುಮಾರು 20,000 ಮಂದಿ ಗಾಯಗೊಳ್ಳುತ್ತಾರೆ. ಸತ್ತ ಐವರಲ್ಲಿ ಒಬ್ಬರು ಮಗು.

ನಿಯಮಗಳು ನಿಧಾನವಾಗಿ ಬಂದವು. ತಯಾರಕರು ತಾವೇ ಒಪ್ಪಿಕೊಂಡ ಮೊದಲ ಮಾನದಂಡ 1960ರದ್ದು. 1972ರ ಕಾಯಿದೆಯಿಂದ ಹುಟ್ಟಿದ ಸುರಕ್ಷತಾ ಆಯೋಗ 1979ರಲ್ಲಿ ಕಡ್ಡಾಯ ನಿಯಮ ಪ್ರಕಟಿಸಿತು. ಹಿಡಿಯ ಮೇಲಿನ ಸರಳನ್ನು ಕೈಬಿಟ್ಟ 3 ಸೆಕೆಂಡಿನೊಳಗೆ ಅಲಗು ನಿಲ್ಲಬೇಕು ಎಂಬುದು ಅದರ ತಿರುಳು. ತಯಾರಕರು ನ್ಯಾಯಾಲಯಕ್ಕೆ ಹೋದರು, ಕೆಲವು ಭಾಗ ಬಿದ್ದಿತು, ತಿರುಳು ಉಳಿಯಿತು, 1982ರ ಜೂನ್ 30ರಿಂದ ಜಾರಿಯಾಯಿತು. ಆದರೆ ಅದು ತಳ್ಳುವ ಮೋವರುಗಳಿಗೆ ಮಾತ್ರ. ಮೇಲೆ ಕೂರುವ ಯಂತ್ರವನ್ನು ತಯಾರಕರ ಸ್ವಯಂ ಮಾನದಂಡಕ್ಕೇ ಬಿಡಲಾಯಿತು. ಮಕ್ಕಳ ಸಾವಿನ ಲೆಕ್ಕ ಕಣ್ಣೆದುರಿಗಿದ್ದೂ ಹೀಗಾದದ್ದು ಈ ಚರಿತ್ರೆಯ ನೋವಿನ ಭಾಗ. ಸ್ವಯಂ ಮಾನದಂಡವೂ ಬಿಗಿಯಾಗುತ್ತ ಹೋಯಿತು ನಿಜ. 1980ರ ದಶಕದ ಕೊನೆಯ ಹೊತ್ತಿಗೆ ಸೀಟಿನ ಕೆಳಗೆ ಒಂದು ಸ್ವಿಚ್ಚು ಬಂದು ಕೂತಿತು.

ಬೆಂಕಿಪೊಟ್ಟಣದಷ್ಟು ಗಾತ್ರದ, ಸ್ಪ್ರಿಂಗು ಇರುವ ಸ್ವಿಚ್ಚು ಅದು. ಮೈಭಾರಕ್ಕೆ ಸೀಟು ತಗ್ಗಿದಾಗ ಒತ್ತಿಕೊಳ್ಳುತ್ತದೆ, ಎದ್ದಾಗ ಬಿಟ್ಟುಕೊಳ್ಳುತ್ತದೆ. ಅಲಗು ಸುತ್ತುತ್ತಿರುವಾಗ ಓಡಿಸುವವನು ಎದ್ದರೆ ಸ್ವಿಚ್ಚು ಎಂಜಿನ್ನಿನ ಕಿಡಿಯ ಕರೆಂಟನ್ನು ನೆಲಕ್ಕೆ ಹರಿಸಿಬಿಡುತ್ತದೆ. ಕಿಡಿಯಿಲ್ಲದೆ ಎಂಜಿನ್ ಸಾಯುತ್ತದೆ, ಅಲಗಿನ ಬ್ರೇಕು ಹಿಡಿದು ಸುಮಾರು 5 ಸೆಕೆಂಡಿನಲ್ಲಿ ಅಲಗು ನಿಲ್ಲುತ್ತದೆ. ಬ್ರೇಕ್ ಪೆಡಲ್ ಒತ್ತದೆ, ಅಲಗಿನ ಕ್ಲಚ್ ಬಿಡಿಸದೆ ಎಂಜಿನ್ ಸ್ಟಾರ್ಟ್ ಆಗದಂತೆಯೂ ಇದೇ ಸರಣಿಯಲ್ಲಿ ಕಟ್ಟು ಇದೆ. ಹಳೆಯ ಯಂತ್ರಗಳಲ್ಲಿ ಸೀಟಿನ ಸ್ಪಂಜು ಕುಗ್ಗಿ, ಸ್ವಿಚ್ಚಿಗೆ ತುಕ್ಕು ಹಿಡಿದು, ಗುಂಡಿಯ ಮೇಲೆ ಹಾದಾಗ ಎಂಜಿನ್ ಸುಮ್ಮಸುಮ್ಮನೆ ನಿಲ್ಲಲು ಶುರುವಾಗುತ್ತದೆ. ಆಗ ಒಂದು ಗೇಣು ವಯರು ಜೋಡಿಸಿ ಸ್ವಿಚ್ಚನ್ನೇ ತಪ್ಪಿಸುವುದು ಬಲು ಸುಲಭ. ಹೊಸ ಸ್ವಿಚ್ಚು ಹಾಕುವುದೂ ಹೆಚ್ಚುಕಡಿಮೆ ಅಷ್ಟೇ ಸುಲಭ, ಖರ್ಚೂ ಅಲ್ಪ. ವಯರು ಜೋಡಿಸಿದ ಯಂತ್ರ 1970ರ ಯಂತ್ರವಾಗಿ ಹೋಗುತ್ತದೆ. ಋತುವಿನ ಮೊದಲ ದಿನ ಬಯಲಿನಲ್ಲಿ ಯಂತ್ರ ನಿಲ್ಲಿಸಿ, ಅಲಗು ಸುತ್ತುತ್ತಿರುವಾಗ ಕಾಲು ಕೆಳಗಿಡದೆ ಸೀಟಿನಿಂದ ಸ್ವಲ್ಪ ಮೇಲೇಳಬೇಕು. ಎಂಜಿನ್ ನಿಲ್ಲದಿದ್ದರೆ ಆ ದಿನ ಕೆಲಸವಿಲ್ಲ.

ಹಿಂದಕ್ಕೆ ಬರುವ ಅಪಘಾತಕ್ಕೆ ಉತ್ತರ ಸಿಗಲು ಇನ್ನೂ ತಡವಾಯಿತು. ಮಗು ಯಂತ್ರಕ್ಕೆ ಹೆದರುವುದಿಲ್ಲ. ಹಿಂದಿನ ವಾರ ಅಪ್ಪನೋ ಅಜ್ಜನೋ ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದ್ದರೆ ಈ ವಾರ ಸದ್ದು ಕೇಳಿದ ಕೂಡಲೇ ಓಡಿ ಬರುತ್ತದೆ, ಅದೂ ಹಿಂದಿನಿಂದ. ತೊಡೆಯ ಮೇಲೆ ಕೂರಿಸಬೇಡಿ ಎಂಬ ಸಾಲಿನ ಅರ್ಥ ಮಗು ಬಿದ್ದೀತು ಎಂದಷ್ಟೇ ಅಲ್ಲ. ಆ ಪ್ರೀತಿಯ ಸವಾರಿ ಮಗುವಿಗೆ ಯಂತ್ರದ ಹತ್ತಿರ ಬರುವುದನ್ನು ಕಲಿಸುತ್ತದೆ. ಸ್ವಯಂ ಮಾನದಂಡದ 2003ರ ಪರಿಷ್ಕರಣೆಯ ನಂತರ, ರಿವರ್ಸ್ ಗೇರ್ ಹಾಕಿದರೆ ಅಲಗು ತಾನಾಗಿ ನಿಲ್ಲುವ, ಬೇಕೇ ಬೇಕೆಂದರೆ ಬೇರೆ ಗುಂಡಿ ಒತ್ತಿ ಅಥವಾ ಕೀಲಿ ತಿರುಗಿಸಿ ಒಪ್ಪಿಗೆ ಕೊಡಬೇಕಾದ ವ್ಯವಸ್ಥೆ ಮನೆಬಳಕೆಯ ಯಂತ್ರಗಳಿಗೆ ಬಂತು. ಆ ಗುಂಡಿ ಒತ್ತುವ ಒಂದು ಕ್ಷಣದಲ್ಲಿ ತಲೆ ಹಿಂದಕ್ಕೆ ತಿರುಗಲಿ ಎಂಬುದೇ ಅದರ ಉದ್ದೇಶ. 16 ವರ್ಷ ತುಂಬದವರು ರೈಡಿಂಗ್ ಮೋವರ್ ಓಡಿಸಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಚಿಕ್ಕ ಮಕ್ಕಳು ಕೆಲಸ ಮುಗಿಯುವ ತನಕ ಮನೆಯೊಳಗಿದ್ದರೆ ಒಳ್ಳೆಯದು.

ಇಳಿಜಾರಿನ ಪಾಠ ಹೊಲದ ಟ್ರಾಕ್ಟರಿನಿಂದ ಬಂದದ್ದು. ಟ್ರಾಕ್ಟರುಗಳಿಗೆ ಮಗುಚಿದರೂ ಸವಾರನನ್ನು ಕಾಯುವ ಕಮಾನನ್ನು 1959ರಲ್ಲೇ ಸ್ವೀಡನ್ ಕಡ್ಡಾಯ ಮಾಡಿತ್ತು. ಮೋವರುಗಳಲ್ಲಿ ಅದು ಬಹಳ ತಡವಾಗಿ, ಅದೂ ಮುಖ್ಯವಾಗಿ ವೃತ್ತಿಪರರ ಜೀರೊ ಟರ್ನ್ ಯಂತ್ರಗಳಿಗೆ ಬಂತು. ಕಮಾನು ಎತ್ತಿ ನಿಲ್ಲಿಸಿದ್ದಾಗ ಸೀಟ್ ಬೆಲ್ಟ್ ಕಟ್ಟಲೇಬೇಕು, ಇಲ್ಲವಾದರೆ ಸವಾರ ಹೊರಗೆ ಬಿದ್ದು ಅದೇ ಕಮಾನಿನ ಅಡಿಗೆ ಸಿಕ್ಕುತ್ತಾನೆ. ಕಮಾನು ಮಡಿಸಿದ್ದಾಗ ಬೆಲ್ಟ್ ಕಟ್ಟಬಾರದು, ಏಕೆಂದರೆ ಆಗ ಬೆಲ್ಟು ಅವನನ್ನು ಯಂತ್ರಕ್ಕೇ ಬಿಗಿದು ಹಿಡಿಯುತ್ತದೆ. ಕಮಾನಿಲ್ಲದ ಮನೆಯ ಯಂತ್ರಕ್ಕೆ ಕೈಪಿಡಿಗಳು ಸಾಮಾನ್ಯವಾಗಿ ಕೊಡುವ ಮಿತಿ 15 ಡಿಗ್ರಿ, ಎಂದರೆ 100 ಅಡಿ ಸಾಗುವಷ್ಟರಲ್ಲಿ 27 ಅಡಿಯ ಏರು. ತಳ್ಳುವ ಮೋವರನ್ನು ಇಳಿಜಾರಿಗೆ ಅಡ್ಡಡ್ಡ ನಡೆಸಬೇಕು, ಕಾಲು ಜಾರಿದರೂ ಯಂತ್ರ ಮೈಮೇಲೆ ಬರುವುದಿಲ್ಲ. ಮೇಲೆ ಕೂರುವ ಟ್ರಾಕ್ಟರ್ ಬಗೆಯದನ್ನು ಮೇಲಿನಿಂದ ಕೆಳಕ್ಕೆ ನೆಟ್ಟಗೆ ನಡೆಸಬೇಕು, ಅಡ್ಡ ಹೋದರೆ ಮಗುಚುತ್ತದೆ. ಎರಡು ಯಂತ್ರಕ್ಕೂ ಒಂದೇ ನಿಯಮ ಎಂದು ತಿಳಿದವರು ಈ ವಿರುದ್ಧ ದಿಕ್ಕನ್ನು ಮರೆಯುತ್ತಾರೆ. ಹುಲ್ಲು ಒದ್ದೆಯಿದ್ದರೆ ಟೈರು ಜಾರುತ್ತದೆ. ಕುಡುಗೋಲಿನವನಿಗೆ ಬೇಕಾಗಿದ್ದ ಇಬ್ಬನಿ ಮೋವರಿನವನಿಗೆ ವೈರಿ.

ದೇಖರೇಖಿಯ ಪದ್ಧತಿಯೂ ಅಲಗಿನ ಜೊತೆ ಬದಲಾಯಿತು. ಉರುಳೆಯ ಮೋವರಿಗೆ ಸಾಣೆ ಹಿಡಿಯುವುದು ಕಸುಬು ಬಲ್ಲವರ ಕೆಲಸ. ಸುರುಳಿ ಅಲಗಿನ ಉದ್ದಕ್ಕೂ ಒಂದೇ ಮಟ್ಟ ಬರಬೇಕು. ಅದಕ್ಕಾಗಿ ಅಂಗಡಿಗೆ ಒಯ್ಯುತ್ತಿದ್ದರು. ಸುತ್ತುವ ಅಲಗು ಚಪ್ಪಟೆ ಪಟ್ಟಿ, ಅರದಲ್ಲೂ ಮಸೆಯಬಹುದು. ಹಾಗಾಗಿ ಕೆಲಸ ಮನೆಯವರ ಕೈಗೆ ಬಂತು, ಜೊತೆಗೆ ಅದರ ಅಪಾಯವೂ ಬಂತು. ಅಲಗನ್ನು ಕೈಯಲ್ಲಿ ತಿರುಗಿಸಿದರೆ ಎಂಜಿನ್ನೂ ತಿರುಗಿ ಒಂದು ಕಿಡಿ ಹಾರಿ ಸ್ಟಾರ್ಟ್ ಆಗಿಬಿಡಬಹುದು. ಅದಕ್ಕೇ ಮೊದಲು ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ಗಿನ ವಯರು ಕಿತ್ತು ದೂರ ಸರಿಸಿಡಬೇಕು. ಯಂತ್ರವನ್ನು ಎತ್ತಿದರೆ ಜ್ಯಾಕಿನ ಮೇಲಷ್ಟೇ ನಿಲ್ಲಿಸದೆ ಗಟ್ಟಿ ಸ್ಟ್ಯಾಂಡು ಕೊಡಬೇಕು. ದಪ್ಪ ಕೈಗವಸು ತೊಟ್ಟು ಅಲಗು ಬಿಚ್ಚಿ, ಇದ್ದ ಓರೆಯಲ್ಲೇ ಎರಡು ತುದಿಯನ್ನೂ ಮಸೆದು, ನಡುವಿನ ತೂತಿಗೆ ಗೋಡೆಯ ಮೊಳೆ ಸಿಕ್ಕಿಸಿ ತೂಗುಬಿಟ್ಟು ನೋಡುತ್ತಾರೆ. ಒಂದು ಕಡೆ ಬಾಗಿದರೆ ಆ ತುದಿ ಭಾರ, ಇನ್ನಷ್ಟು ಮಸೆಯಬೇಕು. ತೂಕ ತಪ್ಪಿದ ಅಲಗು ಇಡೀ ಡೆಕ್ಕನ್ನು ಅದುರಿಸಿ ಬೇರಿಂಗುಗಳನ್ನು ತಿನ್ನುತ್ತದೆ. ಬಿರುಕು ಕಂಡ ಅಥವಾ ಬಾಗಿದ ಅಲಗನ್ನು ತಟ್ಟಿ ನೆಟ್ಟಗೆ ಮಾಡದೆ ಎಸೆಯುವುದೇ ಸರಿ. ಮೊಂಡು ಅಲಗು ಹುಲ್ಲನ್ನು ಕತ್ತರಿಸದೆ ಸೀಳುತ್ತದೆ. ಮೂರು ದಿನದ ಮೇಲೆ ಅಂಗಳದ ತುಂಬ ಕಂದುಬಣ್ಣದ ತುದಿಗಳು ಅದನ್ನು ಸಾರಿ ಹೇಳುತ್ತವೆ.

ಎಂಜಿನ್ನಿನ ಆರೈಕೆ ಸರಳ, ಮರೆತರೆ ದುಬಾರಿ. ಎಣ್ಣೆಯ ಮಟ್ಟವನ್ನು ಪ್ರತಿ ಸಲವೂ ನೋಡಬೇಕು. ಸಾಮಾನ್ಯವಾಗಿ 50 ತಾಸಿನ ಕೆಲಸಕ್ಕೆ ಅಥವಾ ಋತುವಿಗೆ ಒಮ್ಮೆ ಬದಲಿಸಬೇಕು. ಗಾಳಿಯ ಫಿಲ್ಟರಿಗೆ ಹುಲ್ಲಿನ ಧೂಳು ಬೇಗ ಕಟ್ಟುತ್ತದೆ. ಬಿಸಿ ಸೈಲೆನ್ಸರಿನ ಸುತ್ತ ಒಣಹುಲ್ಲು ಕೂಡಿದರೆ ಬೆಂಕಿ ಹತ್ತುತ್ತದೆ, ಡೆಕ್ಕಿನ ಒಳಮೈಗೆ ಹಸಿ ಹುಲ್ಲು ಮೆತ್ತಿದರೆ ಉಕ್ಕು ತುಕ್ಕುಹಿಡಿಯುತ್ತದೆ. ಪೆಟ್ರೋಲನ್ನು ಎಂಜಿನ್ ತಣಿದ ಮೇಲೆ, ಬಯಲಲ್ಲಿ ತುಂಬಬೇಕು. ಇತ್ತೀಚಿನ ದಶಕಗಳಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆತದ್ದು ಈ ಯಂತ್ರಗಳಿಗೆ ಹೊಸ ತೊಡಕು. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತರೆ ಕಾರ್ಬ್ಯುರೇಟರಿನ ಸಣ್ಣ ತೂತುಗಳಲ್ಲಿ ಅಂಟು ಕಟ್ಟುತ್ತದೆ. ಅನೇಕ ಮೋವರುಗಳ ಕೈಪಿಡಿಗಳು ಶೇಕಡ 10ಕ್ಕಿಂತ ಹೆಚ್ಚು ಎಥನಾಲ್ ಬೇಡವೆನ್ನುತ್ತವೆ. ಭಾರತದ ಬಂಕುಗಳಲ್ಲಿ ಈಗ ಶೇಕಡ 20ರ ಮಿಶ್ರಣ ಸಿಗುವುದರಿಂದ ಇಲ್ಲಿ ಮೋವರ್ ಇಟ್ಟುಕೊಂಡವರು ಆ ಪುಟವನ್ನಾದರೂ ಓದಲೇಬೇಕು. ಯಂತ್ರ ಬಹುಕಾಲ ನಿಲ್ಲುವುದಿದ್ದರೆ ಟ್ಯಾಂಕು ಬರಿದು ಮಾಡಿ, ಉಳಿದದ್ದು ಉರಿದು ಹೋಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುವುದು ವಾಡಿಕೆ. ಹಾಗೆ ಓಡಿಸುವುದು ಹೊರಗೆ; ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ.

ಪೆಟ್ರೋಲಿನ ಗೊಡವೆಯೇ ಬೇಡವೆಂದು 1969ರಲ್ಲೇ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಎಲೆಕ್-ಟ್ರಾಕ್ ಎಂಬ ಬ್ಯಾಟರಿಯ ತೋಟದ ಟ್ರಾಕ್ಟರ್ ತಂದಿತ್ತು. ಸೀಸದ ಆರು ಬ್ಯಾಟರಿಗಳು, 36 ವೋಲ್ಟ್, ಹೆಚ್ಚುಕಡಿಮೆ ಸದ್ದೇ ಇಲ್ಲದ ಓಟ. 1970ರ ದಶಕದ ಮಧ್ಯದಲ್ಲಿ ತಯಾರಿಕೆ ನಿಂತಿತು. ಲಿಥಿಯಂ ಬ್ಯಾಟರಿ ಬಂದಮೇಲೆ ಆ ದಾರಿ ಮತ್ತೆ ತೆರೆದಿದೆ. ಕ್ಯಾಲಿಫೋರ್ನಿಯ ರಾಜ್ಯ 2021ರಲ್ಲಿ ಹೊಸ ಸಣ್ಣ ಪೆಟ್ರೋಲ್ ಎಂಜಿನ್ನುಗಳ ಮಾರಾಟಕ್ಕೆ ಕಡಿವಾಣ ಹಾಕುವ ಕಾನೂನು ಮಾಡಿತು. ಬ್ಯಾಟರಿಯ ಯಂತ್ರ ನಿಂತಾಗ ನಿಶ್ಶಬ್ದ, ಆದ್ದರಿಂದ ಅದು ಚಾಲೂ ಇದೆಯೋ ಇಲ್ಲವೋ ಕಿವಿಗೆ ತಿಳಿಯದು. ಕಿತ್ತಿಡಲು ಅದಕ್ಕೆ ಸ್ಪಾರ್ಕ್ ಪ್ಲಗ್ಗಿನ ವಯರೂ ಇಲ್ಲ. ಅಲಗು ಮುಟ್ಟುವ ಮುಂಚೆ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಕೈಪಿಡಿ ಹೇಳಿದಂತೆ ಬ್ಯಾಟರಿಯ ಸಂಪರ್ಕ ಬಿಡಿಸಬೇಕು. ಸೀಟಿನ ಕೆಳಗಿನ ಸ್ವಿಚ್ಚು ಇದರಲ್ಲೂ ಇದೆ.